ಎರಡು ಕೋಟ್ಸ್, ಹನ್ನೊಂದು ಸಂಜೆ

ಕಳೆದ ಬೇಸಿಗೆಯಲ್ಲಿ ಕೋಡಿಯ ಐದು ಮನೆಗಳ ಬಾವಿಕಟ್ಟೆ ಮೇಲೆ ನಮ್ಮ ಪ್ರಾಜೆಕ್ಟಿನ ಐದು ಪೆಟ್ಟಿಗೆಗಳಿದ್ದವು. ಕೋಡಿಗೆ ಬೀಚ್ ನೋಡಲು, ಲೈಟ್ ಹೌಸ್ ಮುಂದೆ ಫೋಟೋ ತೆಗೆಯಲು ನಾವೆಲ್ಲ ಹೋದವರೇ. ಆದರೆ ಆ ಊರು ನಿಂತಿರುವ ಜಾಗವನ್ನು ಗಮನಿಸಿದವರು ಕಡಿಮೆ. ಪಡುವಣಕ್ಕೆ ಅರಬ್ಬಿ ಸಮುದ್ರ, ಮೂಡಣಕ್ಕೆ ಪಂಚಗಂಗಾವಳಿ ಹೊಳೆ, ಅಳಿವೆಯ ಆಚೆ ದಡದಲ್ಲಿ ಗಂಗೊಳ್ಳಿ. ನಡುವಿನ ಮರಳು ನೆಲದಲ್ಲಿ ಮನೆಗಳು, ತೆಂಗಿನ ಮರಗಳು, ಬಾವಿಗಳು. ಮಳೆಗಾಲದಲ್ಲಿ ಬಾವಿ ತುಂಬ ಸಿಹಿನೀರು. ಏಪ್ರಿಲ್, ಮೇ ಬಂತೆಂದರೆ ಮಳೆಯ ನೀರು ತಗ್ಗುತ್ತೆ, ಅಡಿಯಿಂದ ಉಪ್ಪು ಮೇಲೇರುತ್ತೆ. ಯಾವ ದಿನದಿಂದ ಬಾವಿ ನೀರು ಕುಡಿಯೋದು ನಿಲ್ಲಿಸಬೇಕು ಅನ್ನೋದನ್ನು ಮನೆಯವರು ನಾಲಿಗೆಯಿಂದಲೇ ತೀರ್ಮಾನಿಸುತ್ತಾರೆ. ಅದಕ್ಕೊಂದು ಅಂಕಿ ಕೊಡೋಣ ಅಂತ ನಾವು ಹೊರಟಿದ್ದು.

ಪೆಟ್ಟಿಗೆಯೊಳಗೆ ಒಂದು ರಾಸ್ಪ್‌ಬೆರಿ ಪೈ, ನೀರಿನ ವಾಹಕತೆ ಅಳೆಯುವ ಒಂದು ಸೆನ್ಸರ್, ಪೈಥಾನಿನಲ್ಲಿ ಬರೆದ ಒಂದು ಸಣ್ಣ ಪ್ರೋಗ್ರಾಂ, ಒಂದು ಯಾಮಲ್ ಕಾನ್ಫಿಗ್ ಫೈಲ್. ದಿನಕ್ಕೆ ಎರಡು ರೀಡಿಂಗ್, ಬೆಳಿಗ್ಗೆ ಒಂದು, ಸಂಜೆ ಒಂದು. ಮೊದಲು ಸಂಜೆಯ ರೀಡಿಂಗ್ ಐದು ಗಂಟೆಗಿತ್ತು. ಅದೇ ಹೊತ್ತಿಗೆ ಮನೆಯವರು ಪಂಪ್ ಹಾಕುತ್ತಿದ್ದರಿಂದ ನೀರು ಕಲಕಿ ಅಂಕಿ ಏರುಪೇರಾಗುತ್ತಿತ್ತು. ಸರಿ, ಆರೂವರೆಗೆ ಬದಲಿಸೋಣ ಅಂದುಕೊಂಡೆವು. ಐದು ಪೆಟ್ಟಿಗೆ, ಒಂದೇ ಬದಲಾವಣೆ. ಹಾಸ್ಟೆಲಿನಲ್ಲಿ ಕೂತು ಎಸ್‌ಎಸ್‌ಎಚ್ ಮಾಡಿ, ಸೆಡ್ ಬಳಸಿ ಒಂದು ಸಾಲಿನ ಕಮಾಂಡ್ ಹೊಡೆದೆವು. ಎಲ್ಲ ಸೇರಿ ಎರಡು ನಿಮಿಷದ ಕೆಲಸ. ಚಾ ಕುಡಿಯೋಕೆ ಹೋದೆವು.

ಹನ್ನೊಂದು ದಿನ ಬಿಟ್ಟು ಕೋಡಿಗೆ ಹೋದಾಗ ಒಂದು ಮನೆಯ ಅಕ್ಕ ಕೇಳಿದರು: "ಹ್ವಾಯ್ ಮಕ್ಳೆ, ನಿಮ್ ಪೆಟ್ಗಿ ಬೆಳಿಗ್ಗೆ ಮಾತ್ರ ಲೆಕ್ಕ ಕೊಡ್ತ್ ಕಾಣಿ. ಬೈಸಾರಿಗೆ ಎಂತ ಆಯ್ತ್ ಅದ್ಕೆ?"

ಅವರ ಮೊಬೈಲಿಗೆ ಹೋಗುತ್ತಿದ್ದ ಮೆಸೇಜನ್ನು ಅವರು ದಿನಾ ನೋಡುತ್ತಿದ್ದರು. ನಾವು ನೋಡಿರಲಿಲ್ಲ.

ಆಗಿದ್ದೇನು ಅಂತ ಹೇಳುತ್ತೇವೆ. ಇದು ನಾಳೆ ನಿಮ್ಮ ಪ್ರಾಜೆಕ್ಟಿನಲ್ಲೂ ಆಗುವಂಥದ್ದು. ನಮ್ಮ ಫೈಲಿನ ಆ ಭಾಗ, ಕೀಗಳನ್ನು ಕನ್ನಡದಲ್ಲಿ ಬರೆದರೆ, ಹೀಗಿತ್ತು:

ಬಾವಿ:
  ಬೆಳಿಗ್ಗೆ: "06:30"
  ಸಂಜೆ: "17:00"

ನಮ್ಮ ಸೆಡ್ ಕಮಾಂಡಿನ ಹೊರಗೆ ಡಬಲ್ ಕೋಟ್ಸ್ ಇತ್ತು, ಒಳಗೂ ಡಬಲ್ ಕೋಟ್ಸ್ ಇತ್ತು. ಸೆಡ್ ಕೈಗೆ ಸಿಗುವ ಮೊದಲೇ ಒಳಗಿನ ಕೋಟ್ಸನ್ನು ಶೆಲ್ ನುಂಗಿಬಿಟ್ಟಿತು. ಶೆಲ್ ಮಾಡಿದ್ದು ಸರಿಯೇ, ಅದರ ನಿಯಮವೇ ಹಾಗಿದೆ. ಫೈಲಿಗೆ ಬಿದ್ದದ್ದು ಬರಿಯ 18:30, ಕೋಟ್ಸ್ ಇಲ್ಲದೆ.

ಈಗ ಯಾಮಲ್ ನಿಯಮಕ್ಕೆ ಬನ್ನಿ. ಯಾಮಲ್ 1.1 ಆವೃತ್ತಿಯಲ್ಲಿ ಕೋಲನ್ ಇರುವ ಇಂಥ ಅಂಕಿಯನ್ನು ಅರುವತ್ತರ ಲೆಕ್ಕದ ಸಂಖ್ಯೆ ಅಂತ ಓದಬೇಕು. 18 ಗುಣಿಸು 60, ಕೂಡಿಸು 30, ಒಟ್ಟು 1110. ಪೈಥಾನಿನಲ್ಲಿ ಹೆಚ್ಚಿನವರು ಬಳಸುವ ಪೈಯಾಮಲ್ ಲೈಬ್ರರಿ ಈ 1.1 ನಿಯಮವನ್ನೇ ಪಾಲಿಸುತ್ತೆ. ಹಾಗಾಗಿ ನಮ್ಮ ಪ್ರೋಗ್ರಾಂ ಕೈಗೆ ಸಿಕ್ಕಿದ್ದು "18:30" ಎಂಬ ಅಕ್ಷರಮಾಲೆ ಅಲ್ಲ, 1110 ಎಂಬ ಪೂರ್ಣಾಂಕ. ಪ್ರೋಗ್ರಾಂ ಪ್ರತಿ ನಿಮಿಷ ಗಡಿಯಾರ ನೋಡಿ, ಈಗಿನ ಸಮಯ 1110ಕ್ಕೆ ಸಮವೇ ಅಂತ ಕೇಳಿಕೊಂಡು, ಅಲ್ಲ ಅಂತ ಸುಮ್ಮನಾಗುತ್ತಿತ್ತು. ಎರರ್ ಇಲ್ಲ, ಕ್ರ್ಯಾಶ್ ಇಲ್ಲ, ಲಾಗಿನಲ್ಲಿ ಒಂದು ಸಾಲೂ ಇಲ್ಲ.

ತಮಾಷೆ ಏನೆಂದರೆ, ಬೆಳಗಿನ 06:30ರ ಕೋಟ್ಸ್ ಹೋಗಿದ್ದರೂ ಏನೂ ಆಗುತ್ತಿರಲಿಲ್ಲ. ಸೊನ್ನೆಯಿಂದ ಶುರುವಾಗುವ ಸಮಯ ಪೈಯಾಮಲಿನ ಆ ನಿಯಮಕ್ಕೆ ಸಿಗುವುದಿಲ್ಲ, ಅಕ್ಷರಮಾಲೆಯಾಗಿಯೇ ಉಳಿಯುತ್ತೆ. ಅಂದರೆ ಬೆಳಗಿನ ರೀಡಿಂಗ್ ಮೇಲೆ ಟೆಸ್ಟ್ ಮಾಡಿ "ಕೋಟ್ಸ್ ಇಲ್ಲದಿದ್ದರೂ ನಡೆಯುತ್ತೆ ಮಾರಾಯ" ಅಂತ ಹೇಳಿದವನೂ ಸುಳ್ಳು ಹೇಳಿದಂತಲ್ಲ.

ಇದನ್ನು ತಮಾಷೆ ಎಂದು ಬಿಟ್ಟುಬಿಡಲಾಗದ ಕಾರಣವೂ ಇದೆ. ಕರಾವಳಿಯ ಬಾವಿಯಲ್ಲಿ ಸಿಹಿನೀರು ಉಪ್ಪುನೀರಿನ ಮೇಲೆ ತೇಲಿಕೊಂಡಿರುತ್ತೆ. ಪಂಪ್ ಮಾಡಿದಾಗ ಮೇಲಿನ ಸಿಹಿನೀರು ಇಳಿದು ಅಡಿಯ ಉಪ್ಪು ಮೇಲೆ ಬರುತ್ತೆ, ರಾತ್ರಿಯಿಡೀ ಬಿಟ್ಟರೆ ಮತ್ತೆ ಸ್ವಲ್ಪ ಇಳಿಯುತ್ತೆ. ಹಾಗಾಗಿ ಬೆಳಗಿನ ರೀಡಿಂಗ್ ಬಾವಿಯ ಒಳ್ಳೆಯ ಮುಖ, ಸಂಜೆಯದ್ದು ನಿಜವಾದ ಮುಖ. ಕುಡಿಯುವ ನೀರಿನ ಭಾರತೀಯ ಮಾನಕ ಐಎಸ್ 10500ರ ಪ್ರಕಾರ ಕರಗಿದ ಲವಣಾಂಶ ಲೀಟರಿಗೆ 500 ಮಿಲಿಗ್ರಾಂ ಒಳಗಿರಬೇಕು. ಬೇರೆ ನೀರೇ ಇಲ್ಲದಿದ್ದರೆ 2000ದವರೆಗೆ ಸಹಿಸಬಹುದು. ಹನ್ನೊಂದು ದಿನ ನಾವು ಬೆಳಗಿನ ಅಂಕಿಯನ್ನು ಮಾತ್ರ ತೋರಿಸಿ, ಆ ಮನೆಯವರಿಗೆ "ಇನ್ನೂ ಪರವಾಗಿಲ್ಲ" ಅನ್ನುವ ಅರ್ಥದ ಮೆಸೇಜ್ ಕಳಿಸುತ್ತಿದ್ದೆವು. ಅಕ್ಕ ನಾಲಿಗೆಯನ್ನು ನಂಬಿದ್ದರಿಂದ ಬಚಾವ್. ನಮ್ಮ ಗ್ರಾಫನ್ನು ನಂಬಿದ್ದರೆ?

ನಮ್ಮ ವಾದ ಇಷ್ಟೇ. ಕಾನ್ಫಿಗ್ ಫೈಲನ್ನು ಸಾಲುಗಳ ಕಟ್ಟು ಅಂತ ನೋಡೋದನ್ನು ನಾವು ಎಂಜಿನಿಯರಿಂಗ್ ವಿದ್ಯಾರ್ಥಿಗಳು ನಿಲ್ಲಿಸಬೇಕು. ಜೇಸನ್, ಯಾಮಲ್, ಟಾಮಲ್ ಇವೆಲ್ಲ ಮರಗಳು. ಕೊಂಬೆಗೊಂದು ಹೆಸರು, ತುದಿಯಲ್ಲೊಂದು ವ್ಯಾಲ್ಯೂ, ಆ ವ್ಯಾಲ್ಯೂಗೊಂದು ಟೈಪ್. ಬದಲಿಸುವಾಗ ವಿಳಾಸ ಹೇಳಿ ವ್ಯಾಲ್ಯೂ ಬದಲಿಸಬೇಕು, ಬದಲಿಸಿದ ಮೇಲೆ ವಾಪಸ್ ಓದಿ ನೋಡಬೇಕು. ಎರಡನೆಯದು ಮೊದಲನೆಯದಕ್ಕಿಂತಲೂ ಮುಖ್ಯ.

ಸೆಡ್ ಕೆಟ್ಟದ್ದು ಅಂತ ನಾವು ಹೇಳುತ್ತಿಲ್ಲ. ಬೆಲ್ ಲ್ಯಾಬ್ಸಿನಲ್ಲಿ 1970ರ ದಶಕದಲ್ಲಿ ಲೀ ಮೆಕ್‌ಮಹೋನ್ ಅದನ್ನು ಬರೆದಾಗ ಜೇಸನ್ನೂ ಇರಲಿಲ್ಲ, ಯಾಮಲ್ಲೂ ಇರಲಿಲ್ಲ. ಹರಿದು ಬರುವ ಪಠ್ಯವನ್ನು ಸಾಲು ಸಾಲಾಗಿ ತಿದ್ದುವುದು ಅದರ ಕೆಲಸ, ಅದನ್ನು ಇವತ್ತಿಗೂ ಚೆನ್ನಾಗಿ ಮಾಡುತ್ತೆ. ಆದರೆ ಅದಕ್ಕೆ ಕೀ ಗೊತ್ತಿಲ್ಲ, ವ್ಯಾಲ್ಯೂ ಗೊತ್ತಿಲ್ಲ, ಟೈಪ್ ಗೊತ್ತೇ ಇಲ್ಲ. ಪೋರ್ಟ್ 80 ಇದ್ದದ್ದನ್ನು 81 ಮಾಡು ಅಂದರೆ ಪಕ್ಕದ ಸಾಲಿನ 8080 ಕೂಡ 8180 ಆಗಿ ಕೂತಿರುತ್ತೆ. ಒಂದೇ ಫೈಲಿನಲ್ಲಿ ಡೇಟಾಬೇಸಿಗೂ ಒಂದು "ಪೋರ್ಟ್", ವೆಬ್ ಸರ್ವರಿಗೂ ಒಂದು "ಪೋರ್ಟ್" ಇದ್ದರೆ ಎರಡೂ ಹೋಯ್ತು.

ನಮ್ಮ ಊರಿನ ಹೆಸರನ್ನೇ ತಗೊಳ್ಳಿ. ಕೋಡಿ, ದೀರ್ಘ. ಪಕ್ಕದ ಕೋಟೇಶ್ವರದಲ್ಲಿ ನಡೆಯೋದು ಕೊಡಿ ಹಬ್ಬ, ಹ್ರಸ್ವ. ಕೊಡಿ ಅಂದರೆ ಚಿಗುರು, ಹಬ್ಬದಿಂದ ಕಬ್ಬಿನ ಕೊಡಿ ತರೋದು ಇಲ್ಲಿಯ ವಾಡಿಕೆ. ಇನ್ನು "ಕೊಟ್ಟುಬಿಡಿ" ಅನ್ನುವ ಅರ್ಥದ ಕೊಡಿ ಬೇರೆಯೇ ಇದೆ. ನಮ್ಮ ತಂಡದಲ್ಲೊಬ್ಬರು ಫೈಲಿನಲ್ಲಿ ಸ್ಥಳದ ಹೆಸರನ್ನು "ಕೊಡಿ" ಅಂತ ತಪ್ಪಾಗಿ ಟೈಪ್ ಮಾಡಿದ್ದರು. ಇನ್ನೊಬ್ಬರು ಅದನ್ನು ಸರಿಮಾಡಲು ಫೈಲಿಡೀ "ಕೊಡಿ" ತೆಗೆದು "ಕೋಡಿ" ಹಾಕಿದರು. ಮನೆಯವರಿಗೆ ಹೋಗುವ ಮೆಸೇಜು ಆಮೇಲೆ ಹೀಗಿತ್ತು: "ಸಂಶಯವಿದ್ದರೆ ನೀರಿನ ಸ್ಯಾಂಪಲ್ ಪರೀಕ್ಷೆಗೆ ಕೋಡಿ." ಓದಿ ನಕ್ಕರು ಬಿಡಿ. ಆದರೆ ಸ್ಥಳ ಎಂಬ ಕೊಂಬೆಯ ಕೆಳಗಿನ ಹೆಸರು ಎಂಬ ಕೀಯನ್ನು ಬದಲಿಸು ಅಂತ ಹೇಳಿದ್ದರೆ ಮೆಸೇಜಿನ ತಂಟೆಗೆ ಯಾರೂ ಹೋಗುತ್ತಿರಲಿಲ್ಲ.

ಕನ್ನಡದಲ್ಲಿ ಇದಕ್ಕಿಂತ ಸೂಕ್ಷ್ಮವಾದ ಇನ್ನೊಂದು ಹಳ್ಳ ಇದೆ. ಯೂನಿಕೋಡಿನಲ್ಲಿ "ಕೋಡಿ"ಯನ್ನು ಎರಡು ರೀತಿ ಸಂಗ್ರಹಿಸಬಹುದು. ಓತ್ವದ ದೀರ್ಘ ಚಿಹ್ನೆಯನ್ನು ಒಂದೇ ಸಂಕೇತವಾಗಿ ಬರೆದರೆ ಇಡೀ ಪದಕ್ಕೆ ನಾಲ್ಕು ಸಂಕೇತ. ಅದೇ ಚಿಹ್ನೆಯನ್ನು ಬಿಡಿಸಿ ಬರೆದರೆ ಅದೊಂದೇ ಮೂರಾಗಿ ಒಟ್ಟು ಆರು. ಯುಟಿಎಫ್-8ರಲ್ಲಿ ಮೊದಲನೆಯದು 12 ಬೈಟ್, ಎರಡನೆಯದು 18. ಸ್ಕ್ರೀನಿನ ಮೇಲೆ ಎರಡೂ ಒಂದೇ ಥರ ಕಾಣುತ್ತೆ. ನೀವು ಒಂದನ್ನು ಟೈಪ್ ಮಾಡಿ, ಫೈಲಿನಲ್ಲಿ ಇನ್ನೊಂದಿದ್ದರೆ ಸೆಡ್ ಹುಡುಕಿ ಹುಡುಕಿ ಏನೂ ಸಿಗಲಿಲ್ಲ ಅಂತ ಸುಮ್ಮನೆ ಬರುತ್ತೆ, ಫೈಲ್ ಹಾಗೇ ಇರುತ್ತೆ. ವಿಳಾಸ ಹೇಳಿ ಬದಲಿಸುವುದರ ದೊಡ್ಡ ಲಾಭ ಇಲ್ಲಿದೆ: ಹಳೆಯ ವ್ಯಾಲ್ಯೂ ಏನಿತ್ತು ಅಂತ ಹುಡುಕುವ ಅಗತ್ಯವೇ ಇಲ್ಲ. ಕೀ ಯಾವುದು ಅಂತ ಗೊತ್ತಿದ್ದರೆ ಸಾಕು.

ಟೈಪಿನ ವಿಷಯಕ್ಕೂ ನಮ್ಮೂರಿನದೇ ಉದಾಹರಣೆ. ಕುಂದಾಪುರದ ಎಸ್‌ಟಿಡಿ ಕೋಡ್ 08254. ಇದನ್ನು ಕೋಟ್ಸ್ ಇಲ್ಲದೆ ಫೈಲಿಗೆ ಬರೆದರೆ? ಜೇಸನ್ ನಿಯಮದಲ್ಲಿ ಸಂಖ್ಯೆ ಸೊನ್ನೆಯಿಂದ ಶುರುವಾಗುವಂತಿಲ್ಲ, ಅದು ತಪ್ಪು. ಟಾಮಲಿನಲ್ಲೂ ತಪ್ಪು. ಯಾಮಲ್ 1.1ರಲ್ಲಿ ಸೊನ್ನೆಯಿಂದ ಶುರುವಾದರೆ ಎಂಟರ ಲೆಕ್ಕದ ಸಂಖ್ಯೆ. ಆದರೆ ಇದರೊಳಗೆ 8 ಎಂಬ ಅಂಕಿಯೇ ಇರುವುದರಿಂದ ಆ ಲೆಕ್ಕಕ್ಕೆ ಹೊಂದದೆ ಅಕ್ಷರಮಾಲೆಯಾಗಿ ಉಳಿದು ಬದುಕಿಕೊಳ್ಳುತ್ತೆ. 2009ರಲ್ಲಿ ಬಂದ ಯಾಮಲ್ 1.2ರಲ್ಲಿ ಅದು 8254 ಎಂಬ ಸಂಖ್ಯೆ, ಸೊನ್ನೆ ಮಾಯ. ಒಂದೇ ಐದು ಅಂಕಿ, ಓದುವವರು ಯಾರು ಎಂಬುದರ ಮೇಲೆ ಮೂರು ಬೇರೆ ಬೇರೆ ಫಲ. ಪೈಥಾನ್ ಆವೃತ್ತಿ 3.10 ಅಂತ ಯಾಮಲಿನಲ್ಲಿ ಕೋಟ್ಸ್ ಇಲ್ಲದೆ ಬರೆದು, ಅದು 3.1 ಆಗಿ, ಬಿಲ್ಡ್ ಯಾಕೆ ಫೇಲ್ ಆಗ್ತಿದೆ ಅಂತ ರಾತ್ರಿಯಿಡೀ ಕೂತವರು ನಮ್ಮಲ್ಲಿ ಎಷ್ಟು ಜನ ಇಲ್ಲ?

ಹಾಗಾದರೆ ಏನು ಬಳಸೋದು? ಹೊಸ ವಿದ್ಯೆ ಏನಲ್ಲ. ಮೊದಲ ವರ್ಷದಲ್ಲೇ ನೀವೆಲ್ಲ ಇದನ್ನು ಮಾಡಿದ್ದೀರಿ. ಗಿಟ್ ಹಾಕಿಕೊಂಡ ದಿನ ಟರ್ಮಿನಲಿನಲ್ಲಿ ಗಿಟ್ ಕಾನ್ಫಿಗ್ ಎಂಬ ಕಮಾಂಡ್ ಕೊಟ್ಟು ಹೆಸರು, ಇಮೇಲ್ ಹಾಕಿದ್ದು ನೆನಪಿದೆಯಲ್ಲ? ಆಗ ನೀವು ಫೈಲ್ ತೆರೆಯಲಿಲ್ಲ. ಯಾವ ಕೀ, ಯಾವ ವ್ಯಾಲ್ಯೂ ಅಂತ ಹೇಳಿದಿರಿ, ಸೆಕ್ಷನ್ ಎಲ್ಲಿದೆ, ಸಾಲು ಎಲ್ಲಿದೆ ಅನ್ನೋದನ್ನು ಗಿಟ್ ನೋಡಿಕೊಂಡಿತು. ಅದೇ ಅಭ್ಯಾಸವನ್ನು ಉಳಿದ ಫೈಲುಗಳಿಗೂ ತರಬೇಕು ಅನ್ನೋದಷ್ಟೇ ನಮ್ಮ ಮಾತು.

ಜೇಸನ್‌ಗೆ ಜೆಕ್ಯೂ ಇದೆ. ಸ್ಟೀಫನ್ ಡೋಲನ್ 2012ರಲ್ಲಿ ಹೊರತಂದದ್ದು, ಇವತ್ತು ಹೆಚ್ಚುಕಡಿಮೆ ಎಲ್ಲ ಲಿನಕ್ಸ್‌ಗಳಲ್ಲೂ ಒಂದೇ ಕಮಾಂಡಿನಲ್ಲಿ ಇನ್‌ಸ್ಟಾಲ್ ಆಗುತ್ತೆ. ಅದರಲ್ಲಿ ವಿಳಾಸ ಬರೆಯೋದು ಚುಕ್ಕಿಗಳಿಂದ. ನಮ್ಮ ಬಾವಿಯ ಉದಾಹರಣೆಯಾದರೆ:

."ಬಾವಿ"."ಸಂಜೆ" = "18:30"

ಇಷ್ಟೇ. ಇದನ್ನು ಸಿಂಗಲ್ ಕೋಟ್ಸ್ ಒಳಗೆ ಕೊಟ್ಟರೆ ಶೆಲ್ ಒಳಗಿನದ್ದನ್ನು ಮುಟ್ಟುವುದಿಲ್ಲ. ವ್ಯಾಲ್ಯೂ ನಿಮ್ಮ ಸ್ಕ್ರಿಪ್ಟಿನ ವೇರಿಯೆಬಲ್‌ನಿಂದ ಬರುವುದಾದರೆ ಅದನ್ನು ಅಂಟಿಸಿ ಕಮಾಂಡ್ ಕಟ್ಟಬೇಡಿ. ಜೆಕ್ಯೂನಲ್ಲಿ ವ್ಯಾಲ್ಯೂವನ್ನು ಬೇರೆಯಾಗಿ ಒಳಗೆ ಕಳಿಸಲು ಎರಡು ದಾರಿ ಇವೆ. ಆರ್ಗ್ ಎಂಬ ಆಯ್ಕೆ ಕೊಟ್ಟರೆ ಏನೇ ಕಳಿಸಿದರೂ ಅಕ್ಷರಮಾಲೆ, ಆರ್ಗ್‌ಜೇಸನ್ ಎಂಬುದು ಕೊಟ್ಟರೆ ಸಂಖ್ಯೆ ಸಂಖ್ಯೆಯಾಗಿಯೇ, ಸತ್ಯಾಸತ್ಯ ಸತ್ಯಾಸತ್ಯವಾಗಿಯೇ ಹೋಗುತ್ತೆ. ಯಾವುದನ್ನು ಬಳಸಬೇಕು ಅಂತ ಆಯ್ಕೆ ಮಾಡುವ ಕ್ಷಣದಲ್ಲೇ "ಇದರ ಟೈಪ್ ಏನು?" ಎಂಬ ಪ್ರಶ್ನೆಗೆ ನೀವು ಉತ್ತರ ಕೊಟ್ಟಿರುತ್ತೀರಿ. ಸೆಡ್ ಆ ಪ್ರಶ್ನೆಯನ್ನು ಕೇಳುವುದೇ ಇಲ್ಲ.

ಜೆಕ್ಯೂ ಬಳಸುವವರು ಒಮ್ಮೆಯಾದರೂ ಬೀಳುವ ಗುಂಡಿ ಒಂದಿದೆ. ಅದಕ್ಕೆ ಫೈಲನ್ನು ಇದ್ದಲ್ಲೇ ತಿದ್ದುವ ಆಯ್ಕೆ ಇಲ್ಲ, ಫಲಿತಾಂಶವನ್ನು ಸ್ಕ್ರೀನಿಗೆ ಕೊಡುತ್ತೆ. ಹಾಗಾದರೆ ಅದೇ ಫೈಲಿಗೆ ರೀಡೈರೆಕ್ಟ್ ಮಾಡೋಣ ಅಂತ ಹೊರಟರೆ ಫೈಲ್ ಖಾಲಿ! ಯಾಕೆಂದರೆ ಜೆಕ್ಯೂ ಓದಲು ಶುರುಮಾಡುವ ಮೊದಲೇ ಶೆಲ್ ಆ ಫೈಲನ್ನು ಬರೆಯಲು ತೆರೆದು ಸೊನ್ನೆ ಮಾಡಿರುತ್ತೆ. ಸರಿಯಾದ ದಾರಿ: ಅದೇ ಫೋಲ್ಡರಿನಲ್ಲಿ ಬೇರೊಂದು ಹೆಸರಿನ ಫೈಲಿಗೆ ಬರೆದು, ಚೆನ್ನಾಗಿದೆ ಅಂತ ನೋಡಿ, ಆಮೇಲೆ ಹಳೆಯದರ ಜಾಗಕ್ಕೆ ಮೂವ್ ಮಾಡುವುದು. ಒಂದೇ ಫೈಲ್ ಸಿಸ್ಟಮ್ ಒಳಗೆ ಮೂವ್ ಅಂದರೆ ಹೆಸರು ಬದಲಾವಣೆ ಮಾತ್ರ. ಓದುವ ಪ್ರೋಗ್ರಾಮಿಗೆ ಒಂದೋ ಹಳೆಯ ಫೈಲ್ ಪೂರ್ತಿ ಸಿಗುತ್ತೆ, ಇಲ್ಲವೇ ಹೊಸದು ಪೂರ್ತಿ. ಅರ್ಧಂಬರ್ಧ ಬರೆದ ಫೈಲ್ ಅದರ ಕೈಗೆ ಸಿಗುವುದಿಲ್ಲ.

ಯಾಮಲ್‌ಗೆ ವೈಕ್ಯೂ. ಇಲ್ಲಿ ಎಚ್ಚರ: ವೈಕ್ಯೂ ಎಂಬ ಹೆಸರಿನಲ್ಲಿ ಎರಡು ಬೇರೆ ಬೇರೆ ಉಪಕರಣಗಳಿವೆ. ಒಂದು ಮೈಕ್ ಫರಾ ಗೋ ಭಾಷೆಯಲ್ಲಿ ಬರೆದದ್ದು. ಇನ್ನೊಂದು ಆಂಡ್ರೇ ಕಿಸ್ಲ್ಯುಕ್ ಪೈಥಾನಿನಲ್ಲಿ ಬರೆದದ್ದು, ಒಳಗೆ ಯಾಮಲನ್ನು ಜೇಸನ್ ಮಾಡಿ ಜೆಕ್ಯೂಗೆ ದಾಟಿಸುತ್ತೆ. ಜೇಸನ್‌ನಲ್ಲಿ ಕಾಮೆಂಟ್ ಎಂಬುದೇ ಇಲ್ಲದಿರುವುದರಿಂದ ಎರಡನೆಯದರಲ್ಲಿ ನಿಮ್ಮ ಕಾಮೆಂಟುಗಳು ಉಳಿಯುವುದಿಲ್ಲ. ಮೊದಲನೆಯದು ಕಾಮೆಂಟ್ ಉಳಿಸಲು ಪ್ರಯತ್ನಿಸುತ್ತೆ, ಫೈಲನ್ನು ಇದ್ದಲ್ಲೇ ತಿದ್ದುತ್ತೆ ಕೂಡ. ಡೆಬಿಯನ್‌ನಲ್ಲಿ ಆಪ್ಟ್ ಮೂಲಕ ಹಾಕಿದರೆ ಸಿಗೋದು ಪೈಥಾನಿನದ್ದು. ಗೆಳೆಯನ ಲ್ಯಾಪ್‌ಟಾಪಿನಲ್ಲಿ ಓಡಿದ ಕಮಾಂಡ್ ನಿಮ್ಮಲ್ಲಿ ಓಡದಿದ್ದರೆ ಮೊದಲು ಆವೃತ್ತಿ ಕೇಳಿ ನೋಡಿ, ಬೇರೆ ವೈಕ್ಯೂ ಆಗಿರಬಹುದು. ಪೈಥಾನಿನೊಳಗೇ ಮಾಡೋದಾದರೆ ರೂಮೆಲ್ ಯಾಮಲ್ ಎಂಬ ಲೈಬ್ರರಿ ಇದೆ, ಓದಿ ತಿರುಗಿ ಬರೆದರೂ ಕಾಮೆಂಟುಗಳನ್ನು ಕಾಪಾಡುತ್ತೆ.

ಇಷ್ಟು ಹೇಳಿದ ಮೇಲೆ ಒಂದು ಸತ್ಯವನ್ನೂ ಹೇಳಬೇಕು. ವೈಕ್ಯೂ ಬಳಸಿದ್ದರೆ ನಮ್ಮ ಹನ್ನೊಂದು ಸಂಜೆಗಳು ಖಂಡಿತ ಉಳಿಯುತ್ತಿದ್ದವು ಅಂತ ನಾವು ಎದೆ ತಟ್ಟಿ ಹೇಳಲಾರೆವು. ಯಾಮಲ್ 1.2ರ ಕಣ್ಣಿಗೆ 18:30 ಎಂಬುದು ಕೋಟ್ಸ್ ಇಲ್ಲದಿದ್ದರೂ ಅಕ್ಷರಮಾಲೆಯೇ. 1.2 ನಿಯಮದಲ್ಲಿ ಬರೆಯುವ ಉಪಕರಣ ಇದಕ್ಕೆ ಕೋಟ್ಸ್ ಬೇಕಿಲ್ಲ ಅಂದುಕೊಂಡರೆ, 1.1 ನಿಯಮದಲ್ಲಿ ಓದುವ ನಮ್ಮ ಪ್ರೋಗ್ರಾಂ ಮತ್ತೆ 1110 ಅಂತಲೇ ಓದುತ್ತೆ. ಬರೆಯುವವನ ವ್ಯಾಕರಣ ಒಂದು, ಓದುವವನದ್ದು ಇನ್ನೊಂದು. ಅದಕ್ಕೇ ವಾಪಸ್ ಓದುವುದು ಹೆಚ್ಚು ಮುಖ್ಯ ಅಂದಿದ್ದು. ಅದೂ ಬೇರೆ ಉಪಕರಣದಿಂದಲ್ಲ, ನಿಮ್ಮ ಪ್ರೋಗ್ರಾಂ ಯಾವ ಲೈಬ್ರರಿಯಿಂದ ಓದುತ್ತೋ ಅದೇ ಲೈಬ್ರರಿಯಿಂದ ಓದಿ, ವ್ಯಾಲ್ಯೂ ಜೊತೆ ಟೈಪನ್ನೂ ಪ್ರಿಂಟ್ ಮಾಡಿ ನೋಡಬೇಕು. ಪೈಥಾನಿನಲ್ಲಿ ಅದು ಮೂರು ಸಾಲು.

ಈಗ ಎದುರು ವಾದಗಳು. ನಮ್ಮ ತಂಡದಲ್ಲೇ ಇದ್ದವು, ಹಾಗಾಗಿ ಚೆನ್ನಾಗಿ ಗೊತ್ತು.

"ನ್ಯಾನೊ ತೆರೆದು ಕೈಯಲ್ಲೇ ತಿದ್ದಿದರೆ ಆಯ್ತಪ್ಪ, ಇಷ್ಟೆಲ್ಲ ಎಂತಕ್ಕೆ?" ಒಂದು ಮೆಷೀನು, ಒಂದು ಫೈಲು, ಒಂದು ಸಲ. ಅಷ್ಟಾದರೆ ಒಪ್ಪುತ್ತೇವೆ, ಕೈಯಲ್ಲೇ ತಿದ್ದಿ. ಕಣ್ಣಿಗೆ ಕೋಟ್ಸ್ ಕಾಣುತ್ತೆ, ಇಂಡೆಂಟ್ ಕಾಣುತ್ತೆ. ಆದರೆ ಐದು ಪೆಟ್ಟಿಗೆಗಳಲ್ಲಿ ತಿದ್ದುವಾಗ ನಾಲ್ಕನೆಯದರಲ್ಲಿ ಕೈ ಜಾರುತ್ತೆ. ಯಾವುದರಲ್ಲಿ ತಿದ್ದಿದೆವು, ಯಾವುದರಲ್ಲಿ ಬಿಟ್ಟೆವು ಅಂತ ವಾರದ ನಂತರ ಕೇಳಿದರೆ ಉತ್ತರ ಇಲ್ಲ. ಕಮಾಂಡ್ ಆದರೆ ಸ್ಕ್ರಿಪ್ಟಿನಲ್ಲಿ ಉಳಿಯುತ್ತೆ, ಗಿಟ್‌ನಲ್ಲಿ ಉಳಿಯುತ್ತೆ, ಜೂನಿಯರ್ಸ್ ಕೈಗೂ ಸಿಗುತ್ತೆ.

"ಸೆಡ್ ಎಲ್ಲ ಕಡೆ ಇರುತ್ತೆ, ಜೆಕ್ಯೂ ಇರಲ್ಲ." ನಿಜ. ಇಂಟರ್‌ನೆಟ್ ಇಲ್ಲದ ಸಣ್ಣ ಬೋರ್ಡುಗಳಲ್ಲಿ ಇದು ದೊಡ್ಡ ಮಾತು. ಆದರೆ ಅಲ್ಲಿ ಪೈಥಾನ್ ಇದ್ದರೆ ಅದರೊಂದಿಗೆ ಜೇಸನ್ ಮಾಡ್ಯೂಲ್ ಬಂದೇ ಇರುತ್ತೆ, ಹೊಸದಾಗಿ ಏನೂ ಹಾಕಬೇಕಿಲ್ಲ. ಒಂದು ಕಿವಿಮಾತು: ಆ ಮಾಡ್ಯೂಲ್ ಕನ್ನಡ ಅಕ್ಷರಗಳನ್ನು ಹಾಗೇ ಬರೆಯದೆ ಯೂನಿಕೋಡ್ ಸಂಕೇತಗಳಾಗಿ ಬರೆಯುತ್ತೆ. ಡೇಟಾ ಹಾಳಾಗಲ್ಲ, ಆದರೆ ಕಣ್ಣಿಗೆ ಓದಲು ಬರಲ್ಲ. ಆಸ್ಕಿ ಕಡ್ಡಾಯ ಎಂಬ ಆಯ್ಕೆಯನ್ನು ಆಫ್ ಮಾಡಿದರೆ ಕನ್ನಡ ಕನ್ನಡವಾಗಿಯೇ ಇರುತ್ತೆ. ಏನೂ ಇಲ್ಲದ ಕಡೆ ಸೆಡ್ಡನ್ನೇ ಬಳಸಿ, ಸಾಲಿನ ಆರಂಭದಿಂದ ಕೊನೆಯವರೆಗೆ ಗಟ್ಟಿಯಾಗಿ ಹಿಡಿದು ಬಳಸಿ, ಆಮೇಲೆ ವಾಪಸ್ ಓದಿ.

"ಈ ಉಪಕರಣಗಳು ಫೈಲಿನ ರೂಪವನ್ನೇ ಬದಲಿಸಿಬಿಡುತ್ತವೆ." ಇದೂ ನಿಜ. ಖಾಲಿ ಸಾಲು ಹೋಗಬಹುದು, ಇಂಡೆಂಟ್ ಬದಲಾಗಬಹುದು. ಒಂದು ವ್ಯಾಲ್ಯೂ ಬದಲಿಸಿದ್ದಕ್ಕೆ ಗಿಟ್ ಡಿಫ್‌ನಲ್ಲಿ ನಲವತ್ತು ಸಾಲು ಕೆಂಪು ಹಸಿರಾದರೆ ಅಸಲಿ ಬದಲಾವಣೆ ಯಾವುದು ಅಂತ ಹುಡುಕಬೇಕಾಗುತ್ತೆ. ಪರಿಹಾರ ಸುಲಭ: ಏನನ್ನೂ ಬದಲಿಸದೆ ಒಮ್ಮೆ ಫೈಲನ್ನು ಆ ಉಪಕರಣದ ಮೂಲಕ ಹಾಯಿಸಿ, ಅದನ್ನು ಪ್ರತ್ಯೇಕ ಕಮಿಟ್ ಮಾಡಿ. ಅಲ್ಲಿಂದ ಮುಂದೆ ಡಿಫ್ ಚಿಕ್ಕದಾಗಿಯೇ ಬರುತ್ತೆ. ಇನ್ನು ಜೆಕ್ಯೂ 1.6 ಮತ್ತು ಅದಕ್ಕಿಂತ ಹಳೆಯ ಆವೃತ್ತಿಗಳಲ್ಲಿ ತುಂಬ ಉದ್ದದ ಸಂಖ್ಯೆಗಳ ಕೊನೆಯ ಅಂಕಿಗಳು ಬದಲಾಗುತ್ತಿದ್ದವು, ನೀವು ಆ ಸಂಖ್ಯೆಯನ್ನು ಮುಟ್ಟದಿದ್ದರೂ. 2023ರಲ್ಲಿ ಬಂದ 1.7ರಲ್ಲಿ ಮುಟ್ಟದ ಸಂಖ್ಯೆ ಹಾಗೇ ಉಳಿಯುತ್ತೆ. ಉದ್ದದ ಐಡಿಗಳಿದ್ದರೆ ಅವನ್ನು ಅಕ್ಷರಮಾಲೆಯಾಗಿಯೇ ಇಡುವುದು ಒಳ್ಳೆಯದು.

ಹಳೆಯ ತಲೆಮಾರಿನ ಸಿಸ್ಟಮ್ ಅಡ್ಮಿನ್‌ಗಳಿಗೆ ಈ ಬುದ್ಧಿ ಮೊದಲೇ ಇತ್ತು. ಸುಡೋ ಅನುಮತಿಯ ಫೈಲನ್ನು ಅವರು ನೇರವಾಗಿ ತೆರೆಯುವುದಿಲ್ಲ, ವಿಸುಡೋ ಎಂಬ ಕಮಾಂಡ್ ಬಳಸುತ್ತಾರೆ. ಬರೆದದ್ದರಲ್ಲಿ ವ್ಯಾಕರಣ ತಪ್ಪಿದ್ದರೆ ಜಾರಿಗೆ ತರುವ ಮೊದಲೇ ಅದು ತಡೆಯುತ್ತೆ. ಎನ್‌ಜಿನ್‌ಎಕ್ಸ್ ಸರ್ವರಿನಲ್ಲಿ ರೀಲೋಡ್ ಮಾಡುವ ಮೊದಲು ಕಾನ್ಫಿಗ್ ಪರೀಕ್ಷಿಸುವ ಆಯ್ಕೆ ಇದೆ. ನಾವು ಬರೆಯುವ ಪ್ರೋಗ್ರಾಮುಗಳಲ್ಲಿ ಅಂಥದ್ದೊಂದು ಯಾಕಿಲ್ಲ? ನಮ್ಮ ಬಾವಿ ಪ್ರೋಗ್ರಾಂ ಶುರುವಾಗುವಾಗಲೇ "ಸಂಜೆ ಎಂಬಲ್ಲಿ ಅಕ್ಷರಮಾಲೆ ಇರಬೇಕು, ನೀನು ಪೂರ್ಣಾಂಕ ಕೊಟ್ಟಿದ್ದೀಯ" ಅಂತ ಕೂಗಿ ನಿಂತುಬಿಟ್ಟಿದ್ದರೆ ನಮಗೆ ಅದೇ ರಾತ್ರಿ ಗೊತ್ತಾಗುತ್ತಿತ್ತು. ಮುನ್ನೂರು ಸಾಲಿನ ಪ್ರೋಗ್ರಾಂ ಬರೆದ ನಾವು ಆ ನಾಲ್ಕು ಸಾಲು ಬರೆದಿರಲಿಲ್ಲ.

ಕ್ಯಾಂಪಸ್ಸಿನಲ್ಲಿ ಏನಾಗಬೇಕು ಅಂತ ಕೇಳಿದರೆ ನಮ್ಮದು ಮೂರು ಮಾತು. ಒಂದು, ಲಿನಕ್ಸ್ ಲ್ಯಾಬಿನಲ್ಲಿ ಸೆಡ್, ಆಕ್ ಕಲಿಸುವಾಗ ಒಂದು ಗಂಟೆ ಜೆಕ್ಯೂ, ವೈಕ್ಯೂಗೂ ಕೊಡಲಿ. ಕೆಲಸಕ್ಕೆ ಸೇರಿದ ಮೊದಲ ವಾರವೇ ಎದುರಾಗೋದು ಜೇಸನ್ ಮತ್ತು ಯಾಮಲ್. ಎರಡು, ಪ್ರಾಜೆಕ್ಟ್ ರೆಪೊಸಿಟರಿಯಲ್ಲಿ ಕಾನ್ಫಿಗ್ ಬದಲಿಸುವ ಸ್ಕ್ರಿಪ್ಟ್ ಮತ್ತು ಅದನ್ನು ವಾಪಸ್ ಓದಿ ಪರೀಕ್ಷಿಸುವ ಸ್ಕ್ರಿಪ್ಟ್, ಎರಡೂ ಇರಲಿ. ಪ್ರತಿ ವರ್ಷ ಸೀನಿಯರ್ಸ್ ಪ್ರಾಜೆಕ್ಟನ್ನು ಜೂನಿಯರ್ಸಿಗೆ ದಾಟಿಸುವಾಗ ಕೋಡ್ ಸಿಗುತ್ತೆ, ಯಾವ ಫೈಲಿನಲ್ಲಿ ಏನನ್ನು ಯಾಕೆ ಬದಲಿಸಿದರು ಅನ್ನೋದು ಸಿಗಲ್ಲ. ಮೂರು, ವೈವಾದಲ್ಲಿ ನಮ್ಮನ್ನು ಈ ಪ್ರಶ್ನೆ ಕೇಳಿ ಅಂತ ಮೇಷ್ಟ್ರುಗಳಲ್ಲಿ ವಿನಂತಿ: "ಈ ವ್ಯಾಲ್ಯೂ ಬದಲಿಸಿದಿರಲ್ಲ, ಬದಲಾಗಿದೆ ಅಂತ ಹೇಗೆ ಗೊತ್ತು?" ನಮ್ಮನ್ನು ಅದನ್ನು ಯಾರೂ ಕೇಳಲಿಲ್ಲ. ಕೇಳಿದವರು ಕೋಡಿಯ ಅಕ್ಕ ಒಬ್ಬರೇ.

ರಿಪೋರ್ಟ್ ಬರೆಯುವಾಗ ಆ ಹನ್ನೊಂದು ಸಂಜೆಗಳದ್ದೇ ಚರ್ಚೆ. ಹಿಂದಿನ ದಿನ, ಮುಂದಿನ ದಿನದ ಸರಾಸರಿ ಹಾಕಿ ತುಂಬಿಸೋಣ, ಗ್ರಾಫ್ ಚಂದ ಕಾಣುತ್ತೆ ಅಂತ ಒಂದು ಸಲಹೆ ಬಂತು. ಅರ್ಧ ಗಂಟೆ ಜಗಳವೂ ಆಯ್ತು. ಕೊನೆಗೆ ಟೇಬಲ್ಲಿನಲ್ಲಿ ಆ ಕೋಷ್ಟಕಗಳನ್ನು ಖಾಲಿಯೇ ಬಿಟ್ಟೆವು, ಅಡಿಯಲ್ಲಿ ಕಾರಣ ಬರೆದೆವು. ಆ ದಿನಗಳು ಮೇ ತಿಂಗಳಿನವು, ಬಾವಿ ನೀರು ಉಪ್ಪಾಗುವ ಹೊತ್ತಿನವು. ನಮಗೆ ಬೇಕಾಗಿದ್ದುದೇ ಅವು, ಮಳೆ ಬಂದ ಮೇಲೆ ಮತ್ತೆ ಅಳೆಯಲು ಬರುವಂಥವಲ್ಲ.

ಈ ಬೇಸಿಗೆಗೆ ಪೆಟ್ಟಿಗೆಗಳು ಜೂನಿಯರ್ಸ್ ಕೈಗೆ ಹೋಗುತ್ತಿವೆ. ಸಮಯ ಬದಲಿಸಬೇಕಾದರೆ ಈಗ ಒಂದು ಸ್ಕ್ರಿಪ್ಟ್ ಇದೆ. ಅದು ವ್ಯಾಲ್ಯೂ ಬದಲಿಸುತ್ತೆ, ಐದೂ ಪೆಟ್ಟಿಗೆಗಳಿಂದ ವಾಪಸ್ ಓದುತ್ತೆ, ಟೈಪ್ ತೋರಿಸುತ್ತೆ, ಒಂದರಲ್ಲಿ ಹೊಂದದಿದ್ದರೂ ನಿಲ್ಲುತ್ತೆ. ಸಂಜೆಯ ರೀಡಿಂಗ್ ಬಾರದಿದ್ದರೆ ಮೊದಲ ಮೆಸೇಜ್ ಬರೋದು ನಮ್ಮ ಗುಂಪಿಗೆ. ಹಾಗಿದ್ದರೂ ಜೂನಿಯರ್ಸಿಗೆ ಹೇಳಿದ್ದೇವೆ, ಬದಲಾಯಿಸಿದ ಮರುದಿನ ಕೋಡಿಗೆ ಒಂದು ಫೋನ್ ಹಾಕಿ, ಸಂಜೆ ಲೆಕ್ಕ ಬಂತಾ ಅಂತ ಅಕ್ಕನ ಹತ್ತಿರ ಕೇಳಿ.